ಆರು ಮಿಲಿಮೀಟರ್

ಮೊದಲ ಸಲ ಪುಸ್ತಕವನ್ನು ಮೂರು ಮಿಲಿಮೀಟರ್ ಕತ್ತರಿಸಿದಾಗ ಅಂಚು ನೆಟ್ಟಗೆ ಬರಲಿಲ್ಲ, ಅದಕ್ಕೆ ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ಮತ್ತೆ ಮೂರು ಮಿಲಿಮೀಟರ್ ಕತ್ತರಿಸಿದ. ಬೆಳಿಗ್ಗೆ ಒಂಬತ್ತು ಇಪ್ಪತ್ತು. ಕಟಿಂಗ್ ಮಷಿನ್ನಿನ ಬ್ಲೇಡಿಗೆ ಹಿಂದಿನ ದಿನವಷ್ಟೇ ಸಾಣೆ ಹಿಡಿಸಿ ತಂದಿದ್ದ; ಎರಡನೆಯ ಸಲ ಅದು ಸದ್ದೇ ಇಲ್ಲದೆ ಇಳಿಯಿತು. ಆರುನೂರು ಹಾಳೆಗಳ ಅಂಚಿನ ಎಳೆಗಳು ಸಿಂಬೆಯಾಗಿ ಕೆಳಗಿನ ಬುಟ್ಟಿಗೆ ಬಿದ್ದವು. ಬುಟ್ಟಿಯಲ್ಲಿದ್ದುದನ್ನು ಅವನು ಮೂಲೆಯ ಗೋಣಿಚೀಲಕ್ಕೆ ಸುರಿದು, ಕಾಲಿನಿಂದ ತುಳಿದು ಒತ್ತಿದ. ತಪ್ಪು ಬ್ಲೇಡಿನದಲ್ಲ ಎಂದು ಅವನಿಗೆ ಗೊತ್ತಿತ್ತು. ಹೊಲಿದ ಪುಸ್ತಕವನ್ನು ಮಷಿನ್ನಿಗಿಡುವ ಮೊದಲು ಬೆನ್ನಿನ ಕಡೆಯಿಂದ ತಟ್ಟಿ ತಟ್ಟಿ ಸಮ ಮಾಡಬೇಕು, ಭಾರದ ಕೆಳಗೆ ಒಂದು ಗಂಟೆಯಾದರೂ ಕೂರಿಸಬೇಕು. ಅವನು ಕೊಟ್ಟದ್ದು ನಾಲ್ಕು ನಿಮಿಷ. ಚರ್ಚಿನ ವಾರ್ಷಿಕೋತ್ಸವಕ್ಕೆಂದು ಪಾದ್ರಿ ಬೈಂಡಿಗೆ ಹಾಕಿದ್ದ ನೂರೈವತ್ತು ಪ್ರಾರ್ಥನೆಯ ಪುಸ್ತಕಗಳು ಮೇಜಿನ ಮೇಲೆ ಕಾಯುತ್ತಿದ್ದವು. ಅವುಗಳ ನಡುವೆ ಇದೊಂದನ್ನು ತೂರಿಸಿದ್ದ. ಅಲ್ಲದೆ ಇವತ್ತು ಬುಧವಾರ. ಸಂಜೆ ಆರಕ್ಕೆ ಪ್ರಾರ್ಥನಾ ಕೂಟ, ಅಲ್ಲಿ ಮಾತಾಡುವ ಸರದಿ ಅವನದು. ವಿಷಯ, ದೀರ್ಘಶಾಂತಿ, ಅಂದರೆ ತಾಳ್ಮೆ.

ಅಂಚು ಈಗ ಗಾಜಿನಂತೆ ನೆಟ್ಟಗಿತ್ತು. ಅವನು ಅಭ್ಯಾಸದಂತೆ ಹೆಬ್ಬೆರಳಿಟ್ಟು ಹಾಳೆಗಳನ್ನು ಫರ್ರೆಂದು ಹಾರಿಸಿದ. ಬಿಳಿಯ ಅಂಚಿನಲ್ಲಿ ಬೂದು ಬಣ್ಣದ್ದೇನೋ ಓಡಿಹೋಯಿತು. ಮತ್ತೊಮ್ಮೆ ಹಾರಿಸಿದ. ಸೀಸದಕಡ್ಡಿಯ ಬರಹ. ಪುಸ್ತಕ ಅವನ ಹೆಂಡತಿಯದು, ಮದುವೆಯ ದಿನ ಅವಳ ತಾಯಿ ಕೊಟ್ಟ ಸತ್ಯವೇದ. ಹಳೆಯ ಮುದ್ರಣವಾದ್ದರಿಂದ ಸುತ್ತಲೂ ಎರಡು ಬೆರಳು ಅಗಲದ ಖಾಲಿ ಜಾಗ. ಸೋಮವಾರ ಬಿಚ್ಚಿ ಹೊಲಿಯುವಾಗಲೂ ಗೀಚಿದ್ದು ಕಂಡಿತ್ತು. ಎಲ್ಲ ವಿಶ್ವಾಸಿಗಳೂ ಗೀಚುತ್ತಾರೆ, ಅಡಿಗೆರೆ, ನಕ್ಷತ್ರ, ಇಂಥ ಅಧ್ಯಾಯ ನೋಡಿ ಎಂಬ ಗುರುತು. ಅವನು ಮೂವತ್ತೆಂಟು ವರ್ಷಗಳಿಂದ ಬೈಂಡು ಮಾಡುತ್ತಿದ್ದ, ಬೈಂಡು ಮಾಡಿದ್ದನ್ನು ಓದಿದವನಲ್ಲ. ಓದುತ್ತ ಕೂತರೆ ಅಚ್ಚಾದ ಹಾಳೆಗಳ ಫಾರಂ ಮಡಿಸುವವರು ಯಾರು? ಹೊಲಿಯುವಾಗ ಕಣ್ಣು ಮಡಿಕೆಯ ಮೇಲಿರುತ್ತದೆ, ಅಂಚಿನ ಮೇಲಲ್ಲ. ಈಗ ಕಣ್ಣು ಅಂಚಿಗೆ ಹೋಯಿತು. ಬಲಗಡೆಯ ಪುಟದಲ್ಲಿ ಅವಳ ಸಣ್ಣ, ಒತ್ತಿ ಬರೆದ ಅಕ್ಷರಗಳು ಒಂದರ ಕೆಳಗೊಂದು ಸಾಲಾಗಿ ಬಂದು, ಎಲ್ಲವೂ ಒಂದೇ ಕಡೆ, ಬ್ಲೇಡು ಇಳಿದ ಗೆರೆಯಲ್ಲಿ, ನಿಂತುಹೋಗಿದ್ದವು.

ಹಲ್ಲಿನ ಡಾಕ್ಟ
ನಾನೇ ಹೇಳುತ್ತಿ
ನೋವು ಮೇಲಿನ ಹ
ಇವರು ಕೆಳಗಿನ

ಅವನು ಅದನ್ನು ಒಂದೇ ಉಸಿರಿನಲ್ಲಿ ಪೂರ್ತಿ ಮಾಡಿಕೊಂಡ. ಹಲ್ಲಿನ ಡಾಕ್ಟರಿಗೆ ನಾನೇ ಹೇಳುತ್ತಿದ್ದೆ, ನೋವು ಮೇಲಿನ ಹಲ್ಲಿನದು, ಇವರು ಕೆಳಗಿನದು ಎಂದರು. ಪೂರ್ತಿ ಮಾಡಿದ ಮೇಲೆ ಅದರ ಅರ್ಥ ತಲೆಗೆ ಹೋಯಿತು. ಹತ್ತು ವರ್ಷದ ಕೆಳಗಿನ ಮಾತು. ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದ ಅವಳನ್ನು ದಂತವೈದ್ಯ ಯಾವುದಮ್ಮಾ ಎಂದು ಕೇಳಿದ್ದ, ಅವಳು ಎಂದಿನಂತೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿದ್ದಳು, ಹೊರಗೆ ಏಳು ಜನ ಕಾಯುತ್ತಿದ್ದರು. ಅವನೇ ಬೆರಳು ತೋರಿಸಿದ್ದ: ಕೆಳಗಿಂದು ಡಾಕ್ಟ್ರೇ, ಬಲಗಡೆ, ರಾತ್ರಿಯೆಲ್ಲಾ ನಿದ್ದೆ ಇಲ್ಲ. ಕೆಳಗಿನ ಹಲ್ಲೂ ಹುಳುಕಾಗಿತ್ತು, ವೈದ್ಯ ಕಿತ್ತ. ನೋವು ಹೋಗಲಿಲ್ಲ. ನಾಲ್ಕನೆಯ ದಿನ ಮೇಲಿನದನ್ನು ಕಿತ್ತ. ಆವತ್ತು ಕಾಯುವವರ ಕೋಣೆಯಲ್ಲಿ ನಿಂತು ಅವನು ವೈದ್ಯನಿಗೆ ಆಡಿದ ಮಾತುಗಳು ಬೀದಿಯವರೆಗೆ ಕೇಳಿದ್ದವು. ಹಲ್ಲು ಕೀಳೋಕೆ ಬರದವನು ಕುದುರೆ ಲಾಳ ಕಟ್ಟೋಕೆ ಹೋಗು ಅಂದಿದ್ದ. ಆ ಜೋಕನ್ನು ಆಮೇಲೆ ಹತ್ತಾರು ಕಡೆ ಹೇಳಿ ನಗಿಸಿದ್ದ. ಅವಳೂ ಪಕ್ಕದಲ್ಲಿ ಕೂತಿರುತ್ತಿದ್ದಳು, ಬಾಯಿ ಮುಚ್ಚಿ ನಗುತ್ತಿದ್ದಳು, ಹಲ್ಲಿಲ್ಲದ ಜಾಗ ಕಾಣಬಾರದೆಂದೇ ಹಾಗೆ ಎಂದು ಅವನು ತಿಳಿದಿದ್ದ.

ಮೊದಲು ಸಿಟ್ಟು ಬಂದದ್ದು ಅವಳ ಮೇಲೆ. ಬರೆಯುವುದಕ್ಕೆ ಬೇರೆ ಕಾಗದ ಸಿಗಲಿಲ್ಲವೇ? ಬೈಂಡಿಂಗಿನವನ ಮನೆ. ಅಡುಗೆಮನೆಯ ಕಪಾಟಿನಲ್ಲಿ ಖಾಲಿ ಪುಸ್ತಕಗಳ ರಾಶಿ, ಅಳತೆ ತಪ್ಪಿದವು, ರಟ್ಟು ಸೊಟ್ಟಗಾದವು. ತರಕಾರಿ ಪಟ್ಟಿ ಬರೆಯುವುದಕ್ಕೂ ರಟ್ಟು ಹಾಕಿದ ಪುಸ್ತಕ. ಅದೆಲ್ಲ ಬಿಟ್ಟು ದೇವರ ಪುಸ್ತಕದ ಅಂಚಿನಲ್ಲಿ ಗಂಡನ ಮೇಲೆ ದೂರು. ಆಮೇಲೆ ಸಿಟ್ಟು ಪಾದ್ರಿಯ ಮೇಲೆ, ಅವನ ನೂರೈವತ್ತರ ಮೇಲೆ. ಆಮೇಲೆ ಸಾಣೆಯವನ ಮೇಲೆ. ಬ್ಲೇಡು ಮೊಂಡಾಗಿದ್ದರೆ ಎರಡನೆಯ ಸಲ ಅಷ್ಟು ಸಲೀಸಾಗಿ ಇಳಿಯುತ್ತಿರಲಿಲ್ಲ. ಸುತ್ತಿ ಸುತ್ತಿ ಸಿಟ್ಟು ಸೋಮವಾರ ಬೆಳಿಗ್ಗೆಗೆ ಬಂದು ನಿಂತಿತು. ಅವಳು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವನ ಕೈಗೆ ಕೊಟ್ಟಿದ್ದಳು. "ರೀ, ಒಂದು ಮಾ... ಮಾ..." ಅಂದಿದ್ದಳು. ಅವನು ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದ. "ಬುಧವಾರದ ಕೂಟಕ್ಕೆ ಬೇಕು, ಅಷ್ಟೇ ತಾನೆ? ಕೊಡ್ತೀನಿ ಮಾರಾಯ್ತಿ," ಎಂದು ಹೊರಟಿದ್ದ. ಬಾಗಿಲಲ್ಲಿ ಅವಳು ಇನ್ನೂ ನಿಂತಿದ್ದಳು, ತುಟಿ ಅದೇ ಅಕ್ಷರಕ್ಕೆ ಕೂಡಿಕೊಂಡಿತ್ತು. ಅಂಚು ಕತ್ತರಿಸಬೇಡಿ ಎಂಬುದು ಎರಡೇ ಪದ. ಅವಳಿಗೆ ಅದಕ್ಕೆ ಅರ್ಧ ನಿಮಿಷ ಬೇಕಿತ್ತು.

ಅವಳ ತಾಯಿ ಆ ಅರ್ಧ ನಿಮಿಷ ಕೊಡುತ್ತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತು, ಗಾಲಿ ನಿಲ್ಲಿಸಿ, ಮಗಳ ಮುಖ ನೋಡದೆ ಸೂಜಿಯನ್ನು ನೋಡುತ್ತ ಕಾಯುವರು. ಮಾತು ಬಂದ ಮೇಲೆ ಹೂಂ ಎಂದು ಗಾಲಿ ತಿರುಗಿಸುವರು. ಮದುವೆಗೆ ಮುಂಚೆ ಅದನ್ನು ನೋಡಿ ಅವನಿಗೆ ಮೈ ಪರಚಿಕೊಳ್ಳುವಂತಾಗಿತ್ತು. ಮದುವೆಯಾದ ವಾರದಿಂದಲೇ ಅವಳ ಮಾತನ್ನು ಅವನು ಮುಗಿಸಿಕೊಡತೊಡಗಿದ. ಅದು ಸಹಾಯ ಎಂದೇ ತಿಳಿದಿದ್ದ, ಭಾರದ ಚೀಲ ಹೊತ್ತವಳ ಕೈಯಿಂದ ಚೀಲ ಇಸಿದುಕೊಂಡ ಹಾಗೆ. ಆಮೇಲಾಮೇಲೆ ಸಹಾಯ ಅನ್ನುವುದೂ ಉಳಿಯಲಿಲ್ಲ, ಬೇಗ ಮುಗಿಯಲಿ ಅನ್ನುವುದು ಉಳಿಯಿತು. ಚರ್ಚಿನಲ್ಲಿ ಹಾಡುವಾಗ ಅವಳಿಗೆ ಒಂದಕ್ಷರವೂ ತಡೆಯುವುದಿಲ್ಲ, ಎಲ್ಲರೊಟ್ಟಿಗೆ ಪ್ರಾರ್ಥನೆ ಹೇಳುವಾಗಲೂ ಇಲ್ಲ. ಹಾಡೋಕೆ ಬರತ್ತೆ, ಉಪ್ಪು ಎಲ್ಲಿದೆ ಅಂತ ಹೇಳೋಕೆ ಬರಲ್ವಾ ಎಂದು ಒಮ್ಮೆ ಮಗಳ ಮುಂದೆಯೇ ಕೇಳಿದ್ದ. ಅವನ ವಿಷಯ ತಿರುಗುಮುರುಗು. ಎಲ್ಲರೊಟ್ಟಿಗೆ ಪ್ರಾರ್ಥನೆ ಹೇಳಿದರೆ ಅವನು ಸಭೆಗಿಂತ ಅರ್ಧ ಸಾಲು ಮುಂದೆ, ಪಾದ್ರಿ ಉಸಿರು ತೆಗೆದುಕೊಳ್ಳಲು ನಿಂತರೆ ಅಲ್ಲೊಂದು ಆಮೆನ್. ಚರ್ಚಿನ ಹುಡುಗರು ಅವನಿಗೆ ಸೀಮೆಎಣ್ಣೆ ಎಂದು ಹೆಸರಿಟ್ಟಿದ್ದರು. ಹತ್ತಿಕೊಳ್ಳುವುದಕ್ಕೆ ಕಡ್ಡಿ ಗೀರುವುದೂ ಬೇಡ, ಕಡ್ಡಿಪೆಟ್ಟಿಗೆ ತೋರಿಸಿದರೆ ಸಾಕು.

ಸೀಮೆಎಣ್ಣೆಯ ಕೈಗೆ ದೀರ್ಘಶಾಂತಿಯ ಚೀಟಿ ಬಂದಾಗ ಸಭೆ ನಕ್ಕದ್ದು ಅದಕ್ಕೇ. ಸತ್ಯವೇದ ಹೇಳುವ ಆತ್ಮದ ಫಲಗಳು ಒಂಬತ್ತು, ಬುಧವಾರಗಳು ಒಂಬತ್ತು, ಕಾಣಿಕೆ ಚೀಲದೊಳಗೆ ಒಂಬತ್ತು ಚೀಟಿ. ಅವನು ಮೂರನೆಯವನಾಗಿ ಕೈ ಹಾಕಿದ. ಪಾದ್ರಿ ಚೀಟಿ ಬಿಚ್ಚಿ ಓದಿದರು. ಎರಡನೆಯ ಬೆಂಚಿನಿಂದ ಯಾರೋ ಮೂಗಿನಲ್ಲಿ ನಕ್ಕರು, ಆಮೇಲೆ ಎಲ್ಲರೂ. ದೇವರಿಗೂ ತಮಾಷೆ ಗೊತ್ತು ಎಂದರು ಪಾದ್ರಿ. ಅವನೂ ಹಲ್ಲು ತೋರಿಸಿದ, ಕಿವಿ ಮಾತ್ರ ಕಾಯ್ದ ಕಬ್ಬಿಣವಾಗಿತ್ತು. ಛಲಕ್ಕೆ ಬಿದ್ದು ಎರಡು ಸಂಜೆ ಕೂತು ನಾಲ್ಕು ಪುಟ ಬರೆದ. ಆ ನಾಲ್ಕು ಪುಟ ಈಗ ಅಂಗಿಯ ಜೇಬಿನಲ್ಲಿತ್ತು. ಮೊದಲ ಪುಟದಲ್ಲಿ, ತಾನು ಕೋಪಿಷ್ಠನಾದರೂ ಒಂದು ದಿನವೂ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಎರಡು ಮೂರನೆಯದರಲ್ಲಿ ಪಾಠ. ನಾಲ್ಕನೆಯದರಲ್ಲಿ, ಓದುವಾಗ ಸ್ವರ ಇಳಿಸಬೇಕೆಂದು ಗುರುತು ಹಾಕಿಕೊಂಡ ಜಾಗ: ದೀರ್ಘಶಾಂತಿ ಎಂದರೇನೆಂದು ಕಾಣಲು ನಾನು ದೂರ ಹೋಗಬೇಕಿಲ್ಲ, ನನ್ನ ಮನೆಯಲ್ಲೇ ಇದ್ದಾಳೆ, ಮೂವತ್ತೊಂದು ವರ್ಷದಲ್ಲಿ ಆಕೆ ನನ್ನ ವಿರುದ್ಧ ಒಂದು ಮಾತು ಆಡಿಲ್ಲ.

ಹನ್ನೊಂದೂವರೆಗೆ ಪಾದ್ರಿ ಬಂದರು. ಮೂವತ್ತು ದಾಟದ ಪಾದ್ರಿ, ಕೇಳಬೇಕಾದ್ದನ್ನು ಬಿಟ್ಟು ಮೊದಲು ಗೋಡೆಯ ಕ್ಯಾಲೆಂಡರನ್ನು, ಮಷಿನ್ನಿನ ಚಕ್ರವನ್ನು, ಅಂಟಿನ ಡಬ್ಬಿಯನ್ನು ವಿಚಾರಿಸುವ ಜಾತಿ. ಅವನು ಹೆಂಡತಿಯ ಪುಸ್ತಕದ ಮೇಲೆ ಒಂದು ರಟ್ಟು ಮುಚ್ಚಿದ.

"ಏನಣ್ಣಾ, ಈ ಚಕ್ರ ತಿರುಗಿಸಿದ್ರೆ ಒತ್ತೋ ಹಲಗೆ..."

"ಇಳಿಯತ್ತೆ. ಪುಸ್ತಕ ಶನಿವಾರ ಸಿಗತ್ತೆ ಅಯ್ನೋರೆ."

"ನಾನು ಪುಸ್ತಕ ಕೇಳೋಕೆ..."

"ಬರಲಿಲ್ಲ, ಸಂಜೆ ಮಾತಿನ ವಿಷಯ ಕೇಳೋಕೆ ಬಂದ್ರಿ. ತಯಾರಿದೆ. ನಾಲ್ಕು ಪುಟ."

ಪಾದ್ರಿ ಚಕ್ರದಿಂದ ಕೈ ತೆಗೆದರು. "ಇಲ್ಲ, ಬಿಸಿಲಿತ್ತು, ನೀರು ಕುಡಿಯೋಕೆ ಬಂದೆ," ಎಂದರು.

ಅವನು ನೀರು ಕೊಟ್ಟ. ಅವರು ಕುಡಿಯುವುದನ್ನು ನೋಡುವುದೇ ಒಂದು ಹಿಂಸೆ, ಗುಟುಕು, ನಿಲುಗಡೆ, ಗುಟುಕು. ತಡೆಯಲಾಗದೆ ಕೇಳಿಬಿಟ್ಟ: "ಒಂದು ಮಾತು ಅಯ್ನೋರೆ, ಮುಚ್ಚುಮರೆ ಬೇಡ. ಆ ಚೀಟಿ ನೀವೇ ನನ್ನ ಕೈಗೆ ಸಿಗೋ ಹಾಗೆ ಇಟ್ರಾ?"

"ಅಷ್ಟು ಕೈಚಳಕ ಇದ್ದಿದ್ರೆ ಸರ್ಕಸ್ ಸೇರ್ತಿದ್ದೆ." ಪಾದ್ರಿ ಲೋಟ ಇಟ್ಟರು. "ನಂಗೆ ಆ ಚೀಟಿ ಬಂದಿದ್ರೂ ಪಾಡು ಇದೇ ಅಣ್ಣಾ. ಅದು ಕಲ್ತು ಮುಗಿಸೋ ಪಾಠ ಅಲ್ಲ. ಸಾಯೋವರೆಗೂ ಒಂದನೇ ಕ್ಲಾಸೇ."

"ನೀವು ಸಾಯೋಕೆ ಇನ್ನೂ ಬೇಕಾದಷ್ಟು ಟೈಮಿದೆ. ನಂಗೆ ಐವತ್ತೆಂಟು."

"ಹಾಗಿದ್ರೆ ನಾಲ್ಕು ಪುಟ ಬೇಡ. ನಿಮ್ಮ ಕೈಲಿ ಆಗದೇ ಇರೋದನ್ನ ಹೇಳಿ ಕೂತ್ಕೊಳ್ಳಿ. ಐದು ನಿಮಿಷ." ಬಾಗಿಲಲ್ಲಿ ತಿರುಗಿ, "ಅಕ್ಕ ಬರ್ತಾರೆ ತಾನೆ? ಅವರನ್ನೇ ಮೊದಲ ಬೆಂಚಲ್ಲಿ ಕೂರಿಸ್ಬೇಕು. ನಿಮ್ಮ ಜೊತೆ ಇಷ್ಟು ವರ್ಷ..." ಎಂದು, ಮುಂದಿನದನ್ನು ಅವನೇ ಹೇಳಲೆಂದೋ ಏನೋ ನಿಲ್ಲಿಸಿದರು. ಅವನು ಹೇಳಲಿಲ್ಲ. ಪಾದ್ರಿ ನಕ್ಕು ಹೋದರು. ಕಲ್ತು ಮುಗಿಸೋ ಪಾಠ ಅಲ್ಲವಂತೆ. ಮೀಸೆ ನೆಟ್ಟಗೆ ಬಂದಿಲ್ಲ. ಅವನು ಲೋಟವನ್ನು ಎಷ್ಟು ಜೋರಾಗಿ ಕುಕ್ಕಿದನೆಂದರೆ ಅಂಟಿನ ಡಬ್ಬಿಯ ಮುಚ್ಚಳ ಹಾರಿಬಿತ್ತು.

ರಟ್ಟು ಸರಿಸಿ ಮತ್ತೆ ತೆರೆದ. ಬೇಡವೆಂದುಕೊಂಡೇ ತೆರೆದ. ಈ ಸಲದ್ದು ಅವಳ ತಾಯಿಯ ಮಣ್ಣಿನ ದಿನದ್ದು, ಮೇಲೆ ದಿನಾಂಕ. ಗುಂಡಿಯ ಬದಿಯಲ್ಲಿ, ಮನೆಯವರು ಯಾರಾದರೂ ಒಂದು ಪ್ರಾರ್ಥನೆ ಮಾಡಿ ಎಂದು ಆಗಿನ ಮುದುಕ ಪಾದ್ರಿ ಕೇಳಿದಾಗ ಅವಳೇ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಎಲ್ಲರೂ ಆಶ್ಚರ್ಯದಿಂದ ನೋಡಿದ್ದರು. ಕರ್ತನೇ ಎನ್ನಲು ಕ ಅಕ್ಷರವೇ ಬರಲಿಲ್ಲ. ಗುದ್ದಲಿ ಹಿಡಿದ ಇಬ್ಬರು ನೆಲ ನೋಡುತ್ತಿದ್ದರು, ಹಗ್ಗ ಹಿಡಿದವರು ಕೈ ಬದಲಿಸುತ್ತಿದ್ದರು, ಯಾರದೋ ಮಗು ಅತ್ತಿತು. ಅವನು ಎಣಿಸಿದ, ಹತ್ತರವರೆಗೆ ಎಣಿಸಿದರೆ ಸಿಟ್ಟು ಇಳಿಯುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು, ಅವನ ಎಣಿಕೆ ಒಂದು, ಎರಡು, ಏಳು, ಹತ್ತು. ಹತ್ತಾದ ಕೂಡಲೆ ಅವಳ ಹೆಗಲು ಹಿಡಿದು ಹಿಂದಕ್ಕೆ ಸರಿಸಿ, ತಾನೇ ಗಟ್ಟಿಯಾಗಿ ಪ್ರಾರ್ಥನೆ ಮಾಡಿ ಮುಗಿಸಿದ. ಒಳ್ಳೆಯ ಪ್ರಾರ್ಥನೆ. ಆಮೇಲೆ ಮೂರು ಜನ ಕೈ ಕುಲುಕಿದರು. ಅಂಚಿನಲ್ಲಿ ಉಳಿದದ್ದು ಇಷ್ಟು:

ಬಂದಿತ್ತು. ನಾಲಿಗೆ
ತುದಿಗೆ ಬಂದಿ
ಅಮ್ಮ ಆಗಿದ್ದರೆ ಕಾ

ಅದನ್ನು ಪೂರ್ತಿ ಮಾಡಿಕೊಳ್ಳಲು ಹೊರಟ ನಾಲಿಗೆಯನ್ನು ಅವನು ಹಲ್ಲಿನಿಂದ ಕಚ್ಚಿ ಹಿಡಿದ. ಈಗಲೂ ಅದೇ ಕೆಲಸ. ಅವಳ ಬಾಯಿಂದ ಕಿತ್ತುಕೊಂಡದ್ದನ್ನು ಅವಳು ಇಲ್ಲಿ ತಂದು ಬಚ್ಚಿಟ್ಟಿದ್ದಳು, ಅವನು ಇಲ್ಲಿಗೂ ಬಂದು ತುದಿ ಕತ್ತರಿಸಿದ, ಈಗ ಆ ತುದಿಯನ್ನೂ ತಾನೇ ಹೇಳಹೊರಟಿದ್ದಾನೆ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು, ಮಷಿನ್ನಿನ ಚಕ್ರವನ್ನು ಒದ್ದ, ಹೆಬ್ಬೆರಳಿನ ಉಗುರು ಕಿತ್ತುಬಂತು. ಒಂದು ಕಾಲಲ್ಲಿ ನಿಂತು ಯೋಚಿಸಿದ: ಇವಳದು ತಾಳ್ಮೆಯೇ? ಇದು ಕಡತ. ತಾರೀಖು ಹಾಕಿ, ಸ್ಥಳ ಹಾಕಿ, ಸಾಕ್ಷಿ ಸಮೇತ ಇಟ್ಟ ಕಡತ. ತಾಳ್ಮೆ ಎಂದರೆ ಒಳಗೆ ಏನೂ ಇಲ್ಲದಿರುವುದು, ತೊಳೆದಿಟ್ಟ ಪಾತ್ರೆಯ ಹಾಗೆ ಎಂದು ಅವನು ಎರಡನೆಯ ಪುಟದಲ್ಲಿ ಬರೆದಿದ್ದ. ಇವಳ ಒಳಗೆ ಇಷ್ಟಿತ್ತು. ಇಷ್ಟಿದ್ದೂ ಬೆಳಿಗ್ಗೆ ಎದ್ದು ಅವನಿಗೆ ಬಿಸಿನೀರು ಕಾಯಿಸಿದ್ದಳು. ಅವನಿಗೆ ಅದೂ ಸಿಟ್ಟು ತರಿಸಿತು. ಒಂದು ಸಲ, ಒಂದೇ ಸಲ, ಪಾತ್ರೆ ಎತ್ತಿ ತಲೆಗೆ ಎಸೆದಿದ್ದರೆ ಆಗುತ್ತಿರಲಿಲ್ಲವೇ.

ಎಡಗಡೆಯ ಪುಟಗಳಲ್ಲಿ ಸಾಲುಗಳ ತುದಿ ಉಳಿದು ತಲೆ ಹೋಗಿತ್ತು. ಅಲ್ಲಿ ಮಗಳ ವಿಷಯ ಸಿಕ್ಕಿತು.

ಳಿಗೆ ಹೇಳಬೇಕಿದ್ದ
ತು ಬೇರೆಯೇ ಇತ್ತು
ಸ್ಸು ಹೊರಟಿತು ಎಂದು
ವರು ಕೂಗಿದರು

ಇದು ಮಾತ್ರ ಅವನಿಗೆ ಪೂರ್ತಿಯಾಗಲಿಲ್ಲ. ಅಕ್ಷರಗಳು ಕೂಡಿದವು, ಮಗಳು, ಮಾತು, ಬಸ್ಸು, ಇವರು. ಆದರೆ ಆ ಬೇರೆಯ ಮಾತು ಯಾವುದು? ಆರು ವರ್ಷದ ಕೆಳಗೆ ಮಗಳು ನರ್ಸಿಂಗ್ ಕೆಲಸಕ್ಕೆ ಬೇರೆ ಊರಿಗೆ ಹೋದ ದಿನ. ಬಸ್ಸಿನ ಕಿಟಕಿಯ ಸರಳು ಹಿಡಿದು ಹೆಂಡತಿ ಮ ಮ ಎನ್ನುತ್ತಿದ್ದಳು, ಬಸ್ಸು ಎರಡು ಸಲ ಹಾರನ್ ಮಾಡಿತ್ತು, ಮಗು ಹುಷಾರು ಅಂತಿದ್ದಾಳೆ ನಿಮ್ಮಮ್ಮ, ಬಿಡೇ ಕಿಟಕಿ, ಬಸ್ಸು ಹೊರಡ್ತು ಎಂದು ಅವನು ಅವಳ ಬೆರಳು ಬಿಡಿಸಿದ್ದ. ಮಗಳು ಮೊದಲ ವರ್ಷ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಈಗ ತಿಂಗಳಿಗೊಮ್ಮೆ, ಅದೂ ಅವನು ಅಂಗಡಿಯಲ್ಲಿರುವ ಹೊತ್ತು ನೋಡಿ. ಹುಷಾರು ಅಲ್ಲವಾದರೆ ಏನು? ಪುಟವನ್ನು ಬೆಳಕಿಗೆ ಹಿಡಿದ, ಹಿಂದೆ ಮುಂದೆ ತಿರುವಿದ. ಅದು ಅಂಚಿನಲ್ಲಿಯೂ ಇರಲಿಲ್ಲ.

ಎರಡು ಗಂಟೆಗೆ, ಊಟದ ಡಬ್ಬಿ ಮುಟ್ಟದೆ, ಅವನು ಸುಳ್ಳನ್ನು ತಯಾರಿಸಿದ. ಅಂಚಿಗೆ ಹುಳ ಬಿದ್ದಿತ್ತು, ಕತ್ತರಿಸದೇ ಇದ್ದಿದ್ದರೆ ಇಡೀ ಪುಸ್ತಕ ಹೋಗ್ತಿತ್ತು. ಹೇಳಿ ನೋಡಿದ, ಚೆನ್ನಾಗಿ ಬಂತು. ಮೂವತ್ತೆಂಟು ವರ್ಷದ ಕಸುಬಿನವನ ಮಾತಿಗೆ ಯಾರು ಎದುರು ಹೇಳುತ್ತಾರೆ? ಎದುರು ಹೇಳಲು ಹೊರಟರೂ ಅವಳ ಮೊದಲ ಅಕ್ಷರ ಹೊರಬರುವುದರೊಳಗೆ ಅವನು ಮೂರು ವಾಕ್ಯ ಹೇಳಿ ಮುಗಿಸಬಲ್ಲ. ರಟ್ಟು ಅಳೆದು ಕತ್ತರಿಸಿದ, ಕಪ್ಪು ಕ್ಯಾಲಿಕೋ ಬಟ್ಟೆ ಹಾಸಿದ, ಬ್ರಷ್ಷನ್ನು ಅಂಟಿನಲ್ಲಿ ಅದ್ದಿದ. ಅದ್ದಿದ ಬ್ರಷ್ಷು ಕೈಯಲ್ಲೇ ಇತ್ತು, ಅಂಟು ಮಣಿಕಟ್ಟಿನವರೆಗೆ ಇಳಿದು ಒಣಗತೊಡಗಿತ್ತು, ಆಗ ಬಾಗಿಲಲ್ಲಿ ರದ್ದಿಯವನ ಸದ್ದು. ಪ್ರತಿ ಬುಧವಾರ ಮೂರಕ್ಕೆ ಬರುವವನು, ಹೇಳದೆ ಕೇಳದೆ ಒಳಬಂದು ಮೂಲೆಯ ಚೀಲವನ್ನು ಹೆಗಲಿಗೇರಿಸಿದ.

"ಇಡು ಅದನ್ನ," ಎಂದ ಅವನು.

"ಯಾಕಣ್ಣಾ?"

"ಇಡು ಅಂದ್ನಲ್ಲ, ಕಿವಿ ಕೇಳಲ್ವಾ?" ಚೀಲದ ತುದಿ ಹಿಡಿದು ಎಳೆದ. ಗೋಣಿ ಹರಿಯಿತು. ಕಾಗದದ ಎಳೆಗಳು ಇಬ್ಬರ ಕಾಲ ಮೇಲೂ ಚೆಲ್ಲಿದವು.

"ಹೋದ ವಾರ ಎತ್ಕೊಂಡು ಹೋಗಿಲ್ಲ ಅಂತ ಬೈದ್ರಿ. ಈ ವಾರ ಎತ್ಕೊಂಡೆ ಅಂತ ಬೈತೀರಿ. ಮುಂದಿನ ವಾರ ಏನ್ ಮಾಡ್ಲಿ, ಬಾಗಿಲಲ್ಲಿ ನಿಂತು ನೀವು ಬೈಯೋದು ಮುಗಿದ್ಮೇಲೆ ಒಳಗೆ ಬರ್ಲಾ?"

ರದ್ದಿಯವನು ಕಾಲು ಕೊಡವಿಕೊಂಡು ಹೋದ. ಅವನು ನೆಲದ ಮೇಲೆ ಕೂತ. ಎರಡು ಬಗೆಯ ಎಳೆಗಳು ಕಲಸಿಹೋಗಿದ್ದವು: ಪ್ರಾರ್ಥನೆಯ ಪುಸ್ತಕದ ದಪ್ಪ ಬಿಳಿ ಕಾಗದ, ಸತ್ಯವೇದದ ತೆಳು ಕಾಗದ, ಈರುಳ್ಳಿ ಸಿಪ್ಪೆಯಂಥದ್ದು. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ತೆಳುವಾದ ಒಂದನ್ನು ಎತ್ತಿದ, ಮೂರು ಮಿಲಿಮೀಟರ್ ಅಗಲ, ಅಂಗೈಯ ಅಂಟಿನ ಮೇಲೆ ಕೂತುಬಿಟ್ಟಿತು. ಬಿಡಿಸಲು ಹೋದರೆ ಹರಿಯಿತು. ಎದ್ದು ಕೈ ತೊಳೆದು ಒರೆಸಿ ಮತ್ತೆ ಕೂತ. ಎರಡು ಸಲ ಕತ್ತರಿಸಿದ್ದರಿಂದ ಪ್ರತಿ ಹಾಳೆಗೂ ಎರಡೆರಡು ಎಳೆ. ಸಾವಿರದ ಇನ್ನೂರು. ಕೆಲವುದರಲ್ಲಿ ಏನೂ ಇಲ್ಲ. ಕೆಲವುದರಲ್ಲಿ ಒಂದಕ್ಷರ, ಅರ್ಧ ಅಕ್ಷರ, ಒಂದು ಕೊಂಬು, ಒಂದು ಚುಕ್ಕಿ. ಬಂದ ಹಾಗೆ ಜೋಡಿಸಿಟ್ಟಿದ್ದರೆ ಎಲ್ಲ ಕ್ರಮದಲ್ಲಿ ಇರುತ್ತಿತ್ತು. ಅವನು ಕಾಲಲ್ಲಿ ತುಳಿದಿದ್ದ. ಅರ್ಧ ಗಂಟೆಗೆ ನಲವತ್ತು ಎಳೆ ಬೇರೆಯಾದವು, ಪುಟಕ್ಕೆ ಹೊಂದಿದ್ದು ಒಂದೂ ಇಲ್ಲ. ಬೆನ್ನು ನೋಯಿತು. ಗುಡಿಸಿ ಎಸೆದುಬಿಡಬೇಕು ಎನ್ನಿಸಿತು, ನಿಜವಾಗಿ ಎದ್ದು ಪೊರಕೆ ಹಿಡಿದ, ಪೊರಕೆ ಹಿಡಿದುಕೊಂಡೇ ಮತ್ತೆ ಕೂತ.

ಐದು ಹತ್ತಕ್ಕೆ ಅವಳು ಬಂದಳು. ಕೂಟಕ್ಕೆಂದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು, ಕೈಯಲ್ಲಿ ಅವನ ಒಗೆದ ಅಂಗಿ. ನೆಲದ ಮೇಲೆ ಕಾಗದದ ನಡುವೆ ಕೂತ ಗಂಡನನ್ನು ನೋಡಿದಳು, ಮೇಜಿನ ಮೇಲೆ ರಟ್ಟಿಲ್ಲದೆ ತೆರೆದುಕೊಂಡಿದ್ದ ಪುಸ್ತಕವನ್ನು ನೋಡಿದಳು. ಹತ್ತಿರ ಹೋಗಿ ಬೆರಳಿನಿಂದ ಅಂಚನ್ನು ಮುಟ್ಟಿದಳು. ಒಂದು ಪುಟ ತಿರುವಿದಳು, ಇನ್ನೊಂದು. ಅವನು ಹುಳದ ಮಾತನ್ನು ಹೇಳಬೇಕಿದ್ದ ಹೊತ್ತು ಅದು. ಬಾಯಿ ತೆರೆದ.

"ಇವಳೇ, ಕತ್ತರಿಸ್ಬಿಟ್ಟೆ," ಎಂದ. "ಹುಳ ಗಿಳ ಏನಿಲ್ಲ. ಅವಸರ ಮಾಡ್ದೆ."

ಅವಳು ಅಂಗಿಯನ್ನು ಮಷಿನ್ನಿನ ಮೇಲಿಟ್ಟು, ಸ್ಟೂಲು ಎಳೆದು ಕೂತಳು. ಪುಸ್ತಕವನ್ನು ಮಡಿಲಿಗೆ ತೆಗೆದುಕೊಂಡು ಮುಚ್ಚಿದಳು. ಅವಳ ಮುಖ ಅವನು ಕಂಡಿರದ ಬಣ್ಣಕ್ಕೆ ತಿರುಗಿತ್ತು.

"ಓ... ಓ..."

ಓಯ್ ಎಂದೋ, ಓಲೆ ಎಂದೋ, ನೂರು ಮಾತು ಅವನ ಬಾಯಲ್ಲಿ ಸಾಲುಗಟ್ಟಿದವು.

"ಓದಿದ್ರಾ?"

"ಮೂರು ಓದ್ದೆ. ಹಲ್ಲಿಂದು. ನಿಮ್ಮಮ್ಮಂದು. ಮಗಳು ಬಸ್ಸು ಹತ್ತಿದ್ದು."

"ಬಸ್ಸಿಂದು ಗೊ... ಗೊತ್ತಾಯ್ತಾ?"

"ಇಲ್ಲ."

"ಆಗಲ್ಲ. ಅದ್ರಲ್ಲಿ ಬ... ಬರ್ದಿಲ್ಲ."

"ಎಳೆ ಎಲ್ಲಾ ಆರಿಸ್ತಿದೀನಿ," ಎಂದ ಅವನು ಬಡಬಡನೆ. "ತೆಳು ಕಾಗದ ಹಿಂದೆ ಕೊಟ್ಟು ಒಂದೊಂದೇ ಅಂಟಿಸ್ಬಹುದು. ದಿನಕ್ಕೆ ಒಂದು ಹಾಳೆ ಅಂದ್ರೂ ಎರಡು ವರ್ಷ. ಆಗ್ಲಿ, ಎರಡು ವರ್ಷ ಆಗ್ಲಿ, ಮಾಡ್ತೀನಿ."

"ಬೇಡ." ಆ ಪದ ಎಲ್ಲೂ ತಡೆಯದೆ ಬಂತು. "ಅಂ... ಅಂಟಿಸಿ, ಓದ್ಕೊಂಡು, ಆ... ಆಮೇಲೆ..."

ಮುಗೀತು ಅಂದ್ಕೋತೀರಿ. ಮಾತು ಅವನ ನಾಲಿಗೆಯ ಮೇಲೆ ಸಿದ್ಧವಿತ್ತು. ಅವನು ಬಾಯಿ ಮುಚ್ಚಿಕೊಂಡ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಕಾಲು ಸುತ್ತು ಹೋಯಿತು.

"ಆಮೇಲೆ ಚ... ಚರ್ಚಲ್ಲಿ ಸಾಕ್ಷಿ ಹೇಳ್ತೀರಿ," ಎಂದಳು ಅವಳು.

ಜೇಬಿನಲ್ಲಿ ನಾಲ್ಕು ಪುಟ ಕರಕರ ಎಂದಿತು. ಅವನಿಗೆ ಅದನ್ನು ತೆಗೆಯಲೂ ಆಗಲಿಲ್ಲ, ಹಾಗೇ ಇಟ್ಟುಕೊಳ್ಳಲೂ ಆಗಲಿಲ್ಲ. ಕೊನೆಗೆ ತೆಗೆದು ನೆಲದ ಕಾಗದದ ರಾಶಿಗೆ ಹಾಕಿದ. ಅವಳು ಅದನ್ನು ನೋಡಿದಳು, ಏನೆಂದು ಕೇಳಲಿಲ್ಲ.

"ನಾ... ನಾನ್ ಹೇಳ್ತೀನಿ. ಎಲ್ಲಾನೂ. ಬಾ... ಬಾಯಲ್ಲಿ. ಮಧ್ಯ ನೀವು ಬಾಯಿ ಹಾ... ಹಾಕಿದ್ರೆ ಎದ್ದು ಹೋಗ್ತೀನಿ. ಮ... ಮಗಳ ಊರಿಗೆ."

"ಈಗ್ಲೇನಾ? ಆರಕ್ಕೆ ಕೂಟ..." ಎಂದವನು ಅಲ್ಲೇ ನಿಲ್ಲಿಸಿದ. ಅವಳು ಎದ್ದು ಹೋಗಲಿಲ್ಲ. ಈ ಒಂದು ಸಲ ಬಿಟ್ಟಿದ್ದೇನೆ ಎನ್ನುವಂತೆ ನೋಡಿದಳು.

ಫೋನ್ ರಿಂಗಾಯಿತು. ಮೇಜಿನ ಮೇಲೆ ನಡುಗುತ್ತ ಅಂಟಿನ ಡಬ್ಬಿಗೆ ಡಿಕ್ಕಿ ಹೊಡೆದು, ನಿಂತು, ಮತ್ತೆ ರಿಂಗಾಯಿತು. ಪಾದ್ರಿಯದೇ ಇರಬೇಕು. ಅವನು ಏಳಲಿಲ್ಲ. ಅವಳ ತಾಯಿ ಸೂಜಿಯನ್ನು ನೋಡುತ್ತಿದ್ದಂತೆ ಅವನೂ ಎಲ್ಲಾದರೂ ನೋಡಬೇಕೆಂದು ಬ್ಲೇಡನ್ನು ನೋಡಿದ, ಅದನ್ನು ನೋಡಲಾಗದೆ ನೆಲದ ಮೇಲಿನ ಎಳೆಗಳನ್ನು ನೋಡಿದ.

"ಅವತ್ತು," ಎಂದಳು ಅವಳು. "ಬ..."

ಬಸ್ಸು. ದಡ್ಡನಿಗೂ ಗೊತ್ತಾಗುತ್ತದೆ, ಬಸ್ಸು. ಅವಳ ಕುತ್ತಿಗೆಯ ನರ ಉಬ್ಬಿತು, ತುಟಿಗಳು ಕೂಡಿದವು, ಬಿಡಿಸಿಕೊಂಡವು, ಮತ್ತೆ ಕೂಡಿದವು. ಅವನು ಎಣಿಸಿದ, ಈ ಸಲ ಒಂದನ್ನೂ ಹಾರಿಸದೆ, ಹತ್ತು ದಾಟಿ, ಇಪ್ಪತ್ತು ದಾಟಿ. ಸಿಟ್ಟು ಬಂತು. ಹಳೆಯದೇ ಸಿಟ್ಟು, ಗುಂಡಿಯ ಬದಿಯದು, ದಂತವೈದ್ಯನ ಕುರ್ಚಿಯದು. ಅದು ಇಷ್ಟರಲ್ಲಿ ಹೋಗಿರಬೇಕಿತ್ತು ಎಂದು ಅವನು ತಿಳಿದಿದ್ದ. ಹೋಗಿರಲಿಲ್ಲ. ಉಗುರು ಕಿತ್ತ ಹೆಬ್ಬೆರಳು ತನ್ನಷ್ಟಕ್ಕೆ ಕುಣಿಯತೊಡಗಿತು, ಅವನು ಅದರ ಮೇಲೆ ಇನ್ನೊಂದು ಪಾದವನ್ನಿಟ್ಟು ಒತ್ತಿ ಹಿಡಿದ. ಮೂವತ್ತನಾಲ್ಕು. ಮೂವತ್ತೈದು. ಫೋನ್ ನಿಂತಿತು.

"ಬಸ್ಸು," ಎಂದಳು ಅವಳು.

ಆ ಮಾತು ಬಸ್ಸೇ ಆಗಿತ್ತು. ಅದರ ಮುಂದಿನದು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಅವಳ ತುಟಿಗಳು ಮತ್ತೆ ಕೂಡಿಕೊಂಡವು. ಅವನು ಮತ್ತೆ ಒಂದರಿಂದ ಎಣಿಸತೊಡಗಿದ.